ವಾರಂಟ್ ಇಲ್ಲದೆ ಪೊಲೀಸರು ಮನೆಯೊಳಗೆ ಬರಬಹುದೇ? ಬಂದರೆ ಏನು ಕೇಳಬೇಕು, ಹೋದ ಮೇಲೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: ಬೆಂಗಳೂರಿನ ಬಾಡಿಗೆ ಮನೆ, ರಾತ್ರಿ ಹತ್ತೂವರೆ, ಬಂದವರು ನಾಲ್ವರು ಪೊಲೀಸರು, ಅವರಲ್ಲಿ ಇಬ್ಬರು ಮಫ್ತಿಯಲ್ಲಿ. ತಮ್ಮನ ರೂಮು ಜಾಲಾಡಿ ಅವನ ಲ್ಯಾಪ್‌ಟಾಪ್, ಮೊಬೈಲ್ ಎತ್ತಿಕೊಂಡು ಹೋದರು. ವಾರಂಟ್ ಎಲ್ಲಿ ಅಂದದ್ದಕ್ಕೆ ನಕ್ಕರು. ಹೋಗುವಾಗ ಅಮ್ಮನಿಂದ ಏನೂ ಬರೆಯದ ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಂಡರು.

ವಾರಂಟ್ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ಬಂದದ್ದು ಅಕ್ರಮ ಆಗುವುದಿಲ್ಲ. ನಿಮಗೆ ಬೇಸರವಾದರೂ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಾನೂನು ಪೊಲೀಸರನ್ನು ಬಾಗಿಲಲ್ಲಿ ತಡೆಯುವುದಕ್ಕಿಂತ ಕಾಗದದಲ್ಲಿ ಕಟ್ಟಿಹಾಕುವುದೇ ಹೆಚ್ಚು. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ವಾರಂಟ್ ಎಲ್ಲಿ’ ಅಲ್ಲ, ‘ಕ್ರೈಂ ನಂಬರ್ (ಠಾಣೆಯಲ್ಲಿ ಕೇಸಿಗೆ ಕೊಟ್ಟ ಸಂಖ್ಯೆ) ಎಷ್ಟು, ತೆಗೆದುಕೊಂಡ ವಸ್ತುಗಳ ಪಟ್ಟಿಯ ಪ್ರತಿ ಎಲ್ಲಿ’. ನೀವು ಬರೆದ ಪ್ರಕಾರ ಪೊಲೀಸರು ಎಡವಿರುವುದೂ ಅಲ್ಲೇ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಜಾರಿಯಲ್ಲಿದೆ. ಅದರಲ್ಲಿ ವಾರಂಟ್ ಇಲ್ಲದೆ ಮನೆ ಹೊಗಲು ಮುಖ್ಯವಾಗಿ ಎರಡು ದಾರಿ ಇವೆ, ಎರಡನ್ನೂ ಕಲಸಬಾರದು.

ಒಂದು ಕಲಂ 44. ದಸ್ತಗಿರಿ ಮಾಡುವ ಅಧಿಕಾರ ಇರುವ ಪೊಲೀಸರು, ಬೇಕಾದ ವ್ಯಕ್ತಿ ಈ ಮನೆಯೊಳಗೆ ಇದ್ದಾನೆ ಎಂದು ನಂಬಲು ಕಾರಣವಿದ್ದರೆ, ಒಳಗೆ ಬಿಡಿ ಎಂದು ಕೇಳಬಹುದು, ಮನೆಯವರು ಬಿಡಬೇಕು. ತಾವು ಯಾರು, ಏಕೆ ಬಂದಿದ್ದೇವೆ ಎಂದು ಹೇಳಿ, ಒಳಗೆ ಬಿಡಿ ಎಂದು ಕೇಳಿದ ಮೇಲೂ ದಾರಿ ಸಿಗದಿದ್ದರೆ ಬಾಗಿಲು ಮುರಿಯಬಹುದು. ಆದರೆ ಇದು ಮನುಷ್ಯನನ್ನು ಹುಡುಕುವ ಅಧಿಕಾರ. ಮಂಚದ ಕೆಳಗೆ, ಅಟ್ಟದ ಮೇಲೆ, ಬಚ್ಚಲುಮನೆಯಲ್ಲಿ ನೋಡಲಿ. ಬೀರುವಿನ ಲಾಕರ್‌ನಲ್ಲಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮನುಷ್ಯ ಅಡಗಿಕೊಳ್ಳುವುದಿಲ್ಲ.

ಇನ್ನೊಂದು ಕಲಂ 185, ಹಳೆಯ ಸಿಆರ್‌ಪಿಸಿಯ 165. ವಸ್ತು ಹುಡುಕುವುದಾದರೆ ಇದೇ ಬೇಕು, ನಿಮ್ಮ ಪ್ರಕರಣವೂ ಇದೇ. (ಒಳಗೆ ಯಾರೋ ಕಿರುಚಿಕೊಳ್ಳುತ್ತಿದ್ದಾರೆ, ಅಪರಾಧ ನಡೆಯುತ್ತಿದೆ ಅನ್ನುವಾಗ ತಡೆಯಲು ಮಧ್ಯೆ ಬರುವ ಅಧಿಕಾರ ಕಲಂ 168ರಲ್ಲಿದೆ, ಅದು ಇಲ್ಲಿಗೆ ಸಂಬಂಧವಿಲ್ಲ.)

ಕಲಂ 185 ಬಳಸಲು ಏನೇನು ಇರಬೇಕು ನೋಡಿ. ತನಿಖೆ ಮಾಡಲು ಅಧಿಕಾರವಿರುವ ಅಪರಾಧದ ತನಿಖೆ ನಡೆಯುತ್ತಿರಬೇಕು. ಅಸಂಜ್ಞೇಯ ಪ್ರಕರಣ, ಠಾಣೆಯವರ ಬಾಯಲ್ಲಿ ಎನ್‌ಸಿಆರ್, ಆಗಿದ್ದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ತನಿಖೆಯೇ ಇಲ್ಲ, ಇನ್ನು ಶೋಧ ಎಲ್ಲಿಂದ ಬರಬೇಕು. ಶೋಧ ಮಾಡುವವರು ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಆಗಿರಬೇಕು. ಆ ವಸ್ತು ಇಲ್ಲಿ ಸಿಗುತ್ತದೆ ಎಂದು ನಂಬಲು ಕಾರಣ, ಬೇರೆ ರೀತಿಯಲ್ಲಿ ಪಡೆಯಲು ಹೋದರೆ ಅನುಚಿತ ವಿಳಂಬವಾಗುತ್ತದೆ ಅನ್ನುವ ಅಭಿಪ್ರಾಯ, ಈ ಎರಡೂ ಇರಬೇಕು. ಆ ಕಾರಣವನ್ನು ಶೋಧಕ್ಕೆ ಮೊದಲೇ ಕೇಸ್ ಡೈರಿಯಲ್ಲಿ ಬರೆಯಬೇಕು. ಏನು ಹುಡುಕುತ್ತಿದ್ದೇವೆ ಎಂಬುದನ್ನೂ ಆದಷ್ಟು ಮಟ್ಟಿಗೆ ಬರೆಯಬೇಕು. ತಾನೇ ಹೋಗಲು ಆಗದಿದ್ದರೆ ಅದಕ್ಕೆ ಕಾರಣ ಬರೆದು, ಕೈಕೆಳಗಿನವರಿಗೆ ಲಿಖಿತ ಆದೇಶ ಕೊಟ್ಟು ಕಳಿಸಬೇಕು. ಬರೀ ಇಬ್ಬರು ಪೇದೆಗಳು ‘ಸಾಹೇಬರು ಹೇಳಿದ್ದಾರೆ’ ಅಂತ ಬಂದರೆ, ಸಾಹೇಬರು ಅದನ್ನು ಬರೆದುಕೊಟ್ಟಿದ್ದಾರೆಯೇ ಎಂದು ಕೇಳಲು ನಿಮಗೆ ಹಕ್ಕಿದೆ.

ಬರೆದ ಕಾರಣವನ್ನು ಬಾಗಿಲಲ್ಲೇ ನಿಮಗೆ ತೋರಿಸಬೇಕೆಂದು ಕಾನೂನು ಹೇಳಿಲ್ಲ, ಕೇಸ್ ಡೈರಿಯನ್ನು ನೀವು ನೋಡಲೂ ಆಗುವುದಿಲ್ಲ. ಆದರೆ ಕಾರಣ ಬರೆದ ದಾಖಲೆಯ ಪ್ರತಿ ತಕ್ಷಣ, ತಡವೆಂದರೂ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ಮನೆಯ ಮಾಲೀಕ ಅಥವಾ ಅಲ್ಲಿ ವಾಸವಿರುವವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ಅದನ್ನು ಉಚಿತವಾಗಿ ಕೊಡಬೇಕು. ಬಾಡಿಗೆದಾರರೂ ವಾಸವಿರುವವರೇ, ಅರ್ಜಿಗೆ ಓನರ್ ಸಹಿ ಬೇಕಿಲ್ಲ. ಈ ಅರ್ಜಿಯನ್ನು ಹಾಕುವವರು ತುಂಬಾ ಕಡಿಮೆ. ನನ್ನ ಲೆಕ್ಕದಲ್ಲಿ ನಿಮ್ಮ ಕೈಲಿರುವ ಅತ್ಯಂತ ಹರಿತವಾದ ಆಯುಧ ಇದೇ: ದಾಖಲೆ ಇಲ್ಲದಿದ್ದರೆ, ಅಥವಾ ಐದು ದಿನ ಬಿಟ್ಟು ಕೋರ್ಟಿಗೆ ಬಂದಿದ್ದರೆ, ನ್ಯಾಯಾಲಯದ ಮೊಹರಿನ ತಾರೀಖೇ ಅದನ್ನು ಹೇಳುತ್ತದೆ.

ಇನ್ನು ಶೋಧ ನಡೆಯುವ ಕ್ರಮ, ಕಲಂ 103. ಆ ಬಡಾವಣೆಯ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಪಂಚರಾಗಿ, ಅಂದರೆ ಶೋಧಕ್ಕೆ ಸಾಕ್ಷಿಗಳಾಗಿ, ಕರೆಯಬೇಕು. ಅಲ್ಲಿ ಯಾರೂ ಸಿಗದಿದ್ದರೆ, ಒಪ್ಪದಿದ್ದರೆ ಮಾತ್ರ ಬೇರೆ ಕಡೆಯವರು. ಜೀಪಿನಲ್ಲೇ ಕೂರಿಸಿಕೊಂಡು ಬಂದ, ಕೇಸು ಕೇಸಿಗೂ ಅದೇ ಹೆಸರು ಕಾಣಿಸುವ ಪಂಚರ ಬಗ್ಗೆ ಪಾಟೀಸವಾಲಿನಲ್ಲಿ ವಕೀಲರು ಏನು ಮಾಡುತ್ತಾರೆ ಎಂದು ಪೊಲೀಸರಿಗೂ ಗೊತ್ತು. ಹಾಗಾಗಿ ‘ಸಾರ್, ಎದುರು ಮನೆ ಅಂಕಲ್ ಇದ್ದಾರೆ, ಕರೆಯಲಾ?’ ಎಂದು ಮೆತ್ತಗೆ ಕೇಳಿ. ಬೇಡ ಅಂದರೆ ಅದೂ ಒಂದು ದಾಖಲೆಯೇ. ನೀವು ಅಥವಾ ನಿಮ್ಮ ಪರವಾಗಿ ಒಬ್ಬರು ಶೋಧದ ಉದ್ದಕ್ಕೂ ಹಾಜರಿರುವುದು ಹಕ್ಕು. ‘ಎಲ್ಲರೂ ಅಡುಗೆಮನೆಗೆ ಹೋಗಿ’ ಅನ್ನುವಂತಿಲ್ಲ. ಶೋಧಕ್ಕೆ ಮೊದಲು ಬಂದವರು, ಪಂಚರು ತಮ್ಮ ಜೇಬು, ಬ್ಯಾಗು ತೋರಿಸಿ ಒಳಗೆ ಬರಲಿ ಎಂದು ಕೇಳುವುದು ಹಳೆಯ ಒಳ್ಳೆಯ ರೂಢಿ. ಕಲಂನಲ್ಲಿ ಬರೆದಿಲ್ಲ, ಆದರೆ ಕೇಳಿದರೆ ತಪ್ಪಿಲ್ಲ.

ಮುಗಿದ ಮೇಲೆ ಮಹಜರು. ಏನೇನು ತೆಗೆದುಕೊಂಡರು, ಯಾವುದು ಎಲ್ಲಿ ಸಿಕ್ಕಿತು ಎಂಬ ಪಟ್ಟಿ ಅಲ್ಲೇ ಬರೆದು, ಪಂಚರು ಸಹಿ ಹಾಕಿ, ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ‘ಒಂದು ಲ್ಯಾಪ್‌ಟಾಪ್’ ಎಂದು ಬರೆದರೆ ಸಾಲದು. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಮೊಬೈಲಾದರೆ ಐಎಂಇಐ ಎರಡೂ, ಸಿಮ್ ಇತ್ತೇ, ಆನ್ ಇತ್ತೇ ಆಫ್ ಇತ್ತೇ, ಕವರಿನಲ್ಲಿಟ್ಟು ಅರಗಿನ ಸೀಲ್ ಹಾಕಿದರೇ, ಇವೆಲ್ಲ ಇರಬೇಕು. ಏನೂ ಸಿಗದಿದ್ದರೆ ಏನೂ ಸಿಗಲಿಲ್ಲ ಎಂದೇ ಬರೆಸಿ.

ಹೊಸ ಕಾನೂನಿನ ದೊಡ್ಡ ಬದಲಾವಣೆ ಕಲಂ 105: ಶೋಧ, ಜಪ್ತಿ, ಪಟ್ಟಿ ಬರೆಯುವುದು, ಪಂಚರ ಸಹಿ, ಎಲ್ಲವೂ ಧ್ವನಿ ಸಮೇತ ವಿಡಿಯೊ ಆಗಬೇಕು, ಮೊಬೈಲ್ ಸಾಕು. ವಿಡಿಯೊವನ್ನು ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು. ಅಂದು ರಾತ್ರಿ ಯಾರಾದರೂ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿದ್ದರೇ? ನೆನಪು ಮಾಡಿಕೊಳ್ಳಿ. ಬರೆಯದ ಹಾಳೆಗೆ ಅಮ್ಮ ಸಹಿ ಹಾಕಿದ್ದು ವಿಡಿಯೊದಲ್ಲಿ ಹೇಗೆ ಕಾಣಬೇಕೋ ಹಾಗೆ ಕಾಣುತ್ತದೆ. ವಿಡಿಯೊ ಇಲ್ಲದಿದ್ದರೆ ಏಕಿಲ್ಲ ಎಂಬ ಪ್ರಶ್ನೆ ಅವರಿಗೆ.

ರಾತ್ರಿ ಬರಬಾರದು ಅನ್ನುವ ನಿಯಮ ಕಲಂ 185ರಲ್ಲಿ ಇಲ್ಲ. ಜನ ಇದನ್ನು ಮಹಿಳೆಯರ ದಸ್ತಗಿರಿಯ ನಿಯಮದ ಜೊತೆ ಬೆರೆಸುತ್ತಾರೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭ ಬಿಟ್ಟರೆ, ಮಹಿಳೆಯನ್ನು ಬಂಧಿಸುವಂತಿಲ್ಲ. ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಮಹಿಳೆಯ ಮೈ ತಪಾಸಣೆ ಯಾವ ಹೊತ್ತಿನಲ್ಲೂ ಮಹಿಳೆಯಿಂದಲೇ. ಗಾಂಜಾ ಮೊದಲಾದ ಎನ್‌ಡಿಪಿಎಸ್ (ಮಾದಕವಸ್ತು ಕಾಯ್ದೆ) ಕೇಸಾದರೆ ಬೇರೆ: ಅದರ ಕಲಂ 42ರ ಪ್ರಕಾರ ಸೂರ್ಯಾಸ್ತದ ನಂತರ ವಾರಂಟ್ ಇಲ್ಲದೆ ಮನೆ ಹೊಗಬೇಕಾದರೆ, ವಾರಂಟ್ ತರುವಷ್ಟರಲ್ಲಿ ಮಾಲು ಕೈತಪ್ಪುತ್ತದೆ ಅನ್ನುವ ಕಾರಣ ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಕೇಸೇ ಇಲ್ಲದೆ ‘ಚೆಕ್ ಮಾಡಿ ಹೋಗೋಣ ಅಂತ ಬಂದ್ವಿ’ ಎಂದು ರಾತ್ರಿ ಬಾಗಿಲು ಬಡಿಯುವುದನ್ನಂತೂ ಸುಪ್ರೀಂ ಕೋರ್ಟ್ 1962ರಲ್ಲೇ ಖರಕ್ ಸಿಂಗ್ ಪ್ರಕರಣದಲ್ಲಿ ಅಸಾಂವಿಧಾನಿಕ ಎಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮೊಬೈಲ್ ವಿಷಯಕ್ಕೆ ಬರೋಣ. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ. ಮೊಬೈಲ್, ಇಮೇಲ್ ಒಳಗೆ ಇಣುಕಲು ಸಾಮಾನ್ಯವಾಗಿ ಶೋಧನಾ ವಾರಂಟ್ ಬೇಕು. ತುರ್ತಾದರೆ ಕಾರಣ ಬರೆದಿಟ್ಟು ಮುಂದುವರಿಯಬೇಕು. ಪಾಸ್‌ವರ್ಡ್ ಕೊಡು ಎಂದು ಪೊಲೀಸರು ತಾವಾಗಿ ಬಲವಂತ ಮಾಡುವಂತಿಲ್ಲ, ಕೊಡದಿದ್ದರೆ ಕೋರ್ಟಿಗೆ ಹೋಗಬೇಕು. ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪಿನಲ್ಲಿದೆ, ಹಾಗಾಗಿ ಕೋರ್ಟ್ ಆದೇಶ ಬಂದ ಮೇಲೆ ಆ ಮಾತು ನಡೆಯುವುದಿಲ್ಲ. ನಿಮ್ಮ ತಮ್ಮ ಅಂದೇ ಪ್ಯಾಟರ್ನ್ ಬಿಡಿಸಿ ತೋರಿಸಿದ್ದರೆ, ಯಾರು ಕೇಳಿದರು, ಏನು ಹೇಳಿ ಕೇಳಿದರು ಎಂಬುದನ್ನು ಬರೆದಿಡಿ.

ಹಾಗಾದರೆ ಕ್ರಮ ತಪ್ಪಿದ ಶೋಧವನ್ನು ಬಾಗಿಲಲ್ಲೇ ತಡೆಯಬಹುದಿತ್ತೇ? 1959ರಲ್ಲಿ ರಾಜಸ್ಥಾನ ಸರ್ಕಾರ ಮತ್ತು ರೆಹಮಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರಣ ಬರೆಯದೆ ಶೋಧಕ್ಕೆ ಬಂದ ಅಬಕಾರಿ ಅಧಿಕಾರಿಯನ್ನು ತಡೆದದ್ದು ಅಪರಾಧವಲ್ಲ ಎಂದಿತು. ಅದನ್ನು ನಂಬಿ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಕಾರಣ ಬರೆದಿದ್ದಾರೋ ಇಲ್ಲವೋ ಆ ಹೊತ್ತಿನಲ್ಲಿ ನಿಮಗೆ ಗೊತ್ತಾಗುವುದಿಲ್ಲ. ಒಳ್ಳೆಯ ನಂಬಿಕೆಯಿಂದ ಅಧಿಕಾರ ಚಲಾಯಿಸುವ ನೌಕರನ ವಿರುದ್ಧ ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್, ಹಳೆಯ ಐಪಿಸಿ ಜಾಗದ ಕಾನೂನು) ಕಲಂ 37 ಕಿರಿದು ಮಾಡಿದೆ. ಕೈ ತಾಗಿತು ಅಂದರೆ ಕಲಂ 132, ಸುಮ್ಮನೆ ಅಡ್ಡಿ ಅಂದರೂ ಕಲಂ 221. ತಮ್ಮನ ಮೇಲೆ ಒಂದು ಕೇಸು ಇದ್ದ ಮನೆಯಲ್ಲಿ ಎರಡಾಗುತ್ತದೆ. ಬಾಯಲ್ಲಿ ‘ನನ್ನ ಒಪ್ಪಿಗೆ ಇಲ್ಲ, ಆದರೆ ತಡೆಯುತ್ತಿಲ್ಲ’ ಎಂದು ಹೇಳಿ, ಸರಪಳಿ ಹಾಕಿದ ಬಾಗಿಲಿನಿಂದಲೇ ಹೆಸರು, ಠಾಣೆ, ಕ್ರೈಂ ನಂಬರ್ ಕೇಳಿ. ಮಫ್ತಿಯವರ ಮೇಲೆ ಅನುಮಾನವಿದ್ದರೆ ಅವರೆದುರೇ 112ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ನಿಜವಾದ ಪೊಲೀಸರಿಗೆ ಅದರಿಂದ ಎರಡು ನಿಮಿಷ ತಡ, ಅಷ್ಟೇ. ನಿಮ್ಮ ಮನೆಯಲ್ಲಿ ನೀವು ವಿಡಿಯೊ ಮಾಡಬಹುದು, ಮುಖದ ಹತ್ತಿರ ಹಿಡಿದು ಕೆಣಕಬೇಡಿ.

ಈಗ ಮಾಡಬೇಕಾದ್ದು. ಮೊದಲು ಅಮ್ಮನ ಹೆಸರಿನಲ್ಲಿ ಒಂದು ಪತ್ರ: ಇಂಥ ದಿನ, ಇಷ್ಟು ಗಂಟೆಗೆ, ಏನೂ ಬರೆಯದ ಹಾಳೆಗೆ ಸಹಿ ಪಡೆದಿದ್ದಾರೆ, ಅದರ ಮೇಲೆ ಏನು ಬರೆದರೂ ಅದು ನನ್ನ ಹೇಳಿಕೆಯಲ್ಲ. ಡಿಸಿಪಿಗೂ ಆ ಠಾಣೆಯ ಇನ್‌ಸ್ಪೆಕ್ಟರ್‌ಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಇದರ ಬೆಲೆ ಇರುವುದು ತಾರೀಖಿನಲ್ಲಿ. ಮೂರು ತಿಂಗಳ ನಂತರ ಬರೆದ ಪತ್ರವನ್ನು ‘ವಕೀಲರು ಹೇಳಿಕೊಟ್ಟದ್ದು’ ಅನ್ನುತ್ತಾರೆ. ಅಂದಹಾಗೆ, ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಹೇಳಿದವರ ಸಹಿ ಪಡೆಯುವಂತೆಯೇ ಇಲ್ಲ, ಬಿಎನ್‌ಎಸ್‌ಎಸ್ ಕಲಂ 181.

ಎಫ್‌ಐಆರ್ ಇದೆಯೇ ಎಂದು ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ನೋಡಿ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವು ಸಾಮಾನ್ಯವಾಗಿ ಅಲ್ಲಿರುತ್ತವೆ. ಆಮೇಲೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕಲಂ 185(5)ರ ಅರ್ಜಿ, ಜೊತೆಗೆ ಜಪ್ತಿ ಮಾಲು ವರದಿಯಾಗಿದೆಯೇ, ಪಿಎಫ್ ನಂಬರ್ (ಜಪ್ತಿ ಮಾಲನ್ನು ಕೋರ್ಟಿಗೆ ವರದಿ ಮಾಡುವ ಪ್ರಾಪರ್ಟಿ ಫಾರ್ಮ್‌ನ ಸಂಖ್ಯೆ) ಎಷ್ಟು ಎಂಬ ವಿಚಾರಣೆ. ಪಿಎಫ್ ನಂಬರ್ ಇಲ್ಲ ಅಂದರೆ ಲ್ಯಾಪ್‌ಟಾಪ್ ಕಾಗದದ ಮೇಲೆ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಕೋರ್ಟಿನಲ್ಲಿ ಕೇಸಿನ ವಿಚಾರಣೆ ಶುರುವಾಗುವ ಮೊದಲಾದರೆ ಬಿಎನ್‌ಎಸ್‌ಎಸ್ ಕಲಂ 503ರಲ್ಲಿ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಿ, ಖರೀದಿ ಬಿಲ್ಲು ಲಗತ್ತಿಸಿ. ಡೇಟಾ ಪ್ರತಿ ತೆಗೆದುಕೊಂಡು ಸಾಧನ ವಾಪಸು ಕೊಡಲಿ ಎಂದು ಕೇಳುವುದು ಹೊಸದೇನಲ್ಲ.

ಆರ್‌ಟಿಐ ಹಾಕಬಹುದು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದ ಮಿತಿ, ಆದ್ದರಿಂದ ಕಥೆ ಬರೆಯಬೇಡಿ. ಆ ರಾತ್ರಿಯ ಠಾಣಾ ದಿನಚರಿಯ ಹೊರಟ ಮತ್ತು ಮರಳಿದ ನಮೂದು ಮಾತ್ರ ಕೇಳಿ. ತನಿಖೆಗೆ ಅಡ್ಡಿ ಎಂದು ನಿರಾಕರಿಸುವ ಸಾಧ್ಯತೆ ಇದೆ, ಮೇಲ್ಮನವಿ ಹಾಕಿ.

ದೂರಿಗೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ, ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಆಯೋಗಕ್ಕೆ ಘಟನೆಯಾದ ಒಂದು ವರ್ಷದೊಳಗೆ ಹೋಗಬೇಕು. ತನಿಖೆ ನಡೆಸುವ ರೀತಿಯ ಕಾನೂನನ್ನು ಗೊತ್ತಿದ್ದೂ ಮೀರಿ ಬೇರೆಯವರಿಗೆ ತೊಂದರೆ ಮಾಡಿದ ನೌಕರನಿಗೆ ಬಿಎನ್‌ಎಸ್ ಕಲಂ 199ರಲ್ಲಿ 6 ತಿಂಗಳಿಂದ 2 ವರ್ಷ ಕಠಿಣ ಶಿಕ್ಷೆ ಇದೆ. ಆದರೆ ಖಾಸಗಿ ದೂರಿನ ದಾರಿಯಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 170ರ ಪೂರ್ವಾನುಮತಿ ಎಂಬ ಗೋಡೆ ಇದೆ, ವಕೀಲರಿಲ್ಲದೆ ಅಲ್ಲಿಗೆ ಹೋಗಬೇಡಿ. ಹಣದ ತೊಂದರೆ ಇದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಸಿಗುತ್ತದೆ.

ಒಂದು ಭ್ರಮೆ ಮಾತ್ರ ಬೇಡ: ಶೋಧ ಅಕ್ರಮವಾದರೆ ಸಿಕ್ಕ ಸಾಕ್ಷ್ಯವೂ ಬಿದ್ದುಹೋಗುತ್ತದೆ ಎಂದು. 1973ರ ಸುಪ್ರೀಂ ಕೋರ್ಟಿನ ಪೂರಣ್ ಮಲ್ ತೀರ್ಪಿನಿಂದ ಇವತ್ತಿನವರೆಗೆ ನಮ್ಮಲ್ಲಿ ಹಾಗಿಲ್ಲ. ಸಾಕ್ಷ್ಯ ನಿಲ್ಲುತ್ತದೆ, ನಂಬಿಕೆಗೆ ಪೆಟ್ಟು ಬೀಳುತ್ತದೆ. ಎನ್‌ಡಿಪಿಎಸ್ ಕಲಂ 42ನ್ನು ಪೂರ್ತಿ ಕಡೆಗಣಿಸಿದರೆ ಮಾತ್ರ ಕೇಸೇ ಕುಸಿಯುವುದುಂಟು.

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸ: ಎದುರು ಮನೆಯದೋ ಮೂಲೆಯಂಗಡಿಯದೋ ಸಿಸಿಟಿವಿ ಇದ್ದರೆ ಆ ರಾತ್ರಿ ಹತ್ತರಿಂದ ಹನ್ನೆರಡರವರೆಗಿನ ದೃಶ್ಯವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡಲು ಕೇಳಿ. ಬಹಳಷ್ಟು ಡಿವಿಆರ್‌ಗಳು ಹದಿನೈದು ಇಪ್ಪತ್ತು ದಿನಕ್ಕೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ.