ಮಾವ ಬಿಟ್ಟುಹೋದ ಹಳೇ ಗಿಟಾರ್ ಯಾವುದು, ಎಷ್ಟು ಬೆಲೆ ಬಾಳುತ್ತದೆ?

ನಿಮ್ಮ ಹತ್ತಿರ ಇರುವುದು ಹಾರ್ಮನಿ ಕಂಪನಿಯ ಸಾವರಿನ್ ಅನ್ನೋ ಮಾಡೆಲ್. ವರ್ಷ 1962. ಇಷ್ಟು ಧೈರ್ಯವಾಗಿ ಹೇಳೋಕೆ ಕಾರಣ ನೀವೇ ಕೊಟ್ಟ ಎರಡು ಸುಳಿವು. ಹೆಡ್‌ಸ್ಟಾಕ್ (ತಂತಿ ಬಿಗಿ ಮಾಡುವ ಕೀಗಳಿರುವ ತಲೆಭಾಗ) ಮೇಲಿನ ಹೆಸರು ಉಜ್ಜಿಹೋಗಿದೆ. ಆದರೆ ಸೌಂಡ್ ಹೋಲ್, ಅಂದರೆ ಮುಂಭಾಗದ ದುಂಡು ತೂತಿನ ಒಳಗೆ ಟಾರ್ಚ್ ಬಿಟ್ಟಾಗ ಒಂದು ಕಡೆ ‘ಎಫ್-62’ ಅಂತ ಮಸುಕಾದ ಸೀಲು, ಇನ್ನೊಂದು ಕಡೆ ನಾಲ್ಕು ಅಂಕಿ, ಅದಕ್ಕೆ ಅಂಟಿಕೊಂಡೇ ‘ಎಚ್1260’ ಕಂಡಿತು ಅಂದಿದ್ದೀರಿ. ಸೋದರಮಾವ ತೀರಿಕೊಂಡ ಮೇಲೆ ಕೈಗೆ ಬಂದ ಈ ಗಿಟಾರ್ ನೋಡಿ ಒಬ್ಬರು ‘ನಿಮ್ಮ ಅದೃಷ್ಟ ಖುಲಾಯಿಸಿತು’ ಅಂದರಂತೆ, ಇನ್ನೊಬ್ಬರು ‘ಗುಜರಿಗೆ ಹಾಕಿ’ ಅಂದರಂತೆ. ಇಬ್ಬರ ಮಾತನ್ನೂ ಪಕ್ಕಕ್ಕಿಡಿ.

ಹಾರ್ಮನಿ ಶಿಕಾಗೋದ ಕಂಪನಿ. 1892ರಲ್ಲಿ ಶುರುವಾಗಿ 1975ರಲ್ಲಿ ಬಾಗಿಲು ಹಾಕಿತು. ಆ ಕಾಲದಲ್ಲಿ ಅಮೆರಿಕದಲ್ಲಿ ಅವರಷ್ಟು ಗಿಟಾರ್ ಮಾಡಿದವರು ಇಲ್ಲ ಅನ್ನಬಹುದು. ತಮ್ಮ ಹೆಸರಿನಲ್ಲಷ್ಟೇ ಅಲ್ಲ, ಬೇರೆಯವರ ಹೆಸರಿನಲ್ಲೂ ಮಾಡಿಕೊಡುತ್ತಿದ್ದರು. ಸಿಯರ್ಸ್ ಅಂಗಡಿಯವರು ‘ಸಿಲ್ವರ್‌ಟೋನ್’ ಅಂತ ಮಾರಿದ ಎಷ್ಟೋ ಗಿಟಾರ್‌ಗಳು ಇದೇ ಫ್ಯಾಕ್ಟರಿಯವು. ಹಾಗಾಗಿ ಹೆಡ್‌ಸ್ಟಾಕ್ ಮೇಲೆ ಹೆಸರು ಉಳಿದಿದ್ದರೂ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಒಳಗಿನ ಸೀಲೇ ಸಾಕ್ಷಿ. ಅದರಲ್ಲಿ 62 ಅಂದರೆ 1962. ಎಚ್ ಆದಮೇಲೆ ಬರುವ ಅಂಕಿ ಮಾಡೆಲ್. ಅದರ ಮುಂಚಿನ ನಾಲ್ಕು ಅಂಕಿ ಹಿಡಿದುಕೊಂಡು ವರ್ಷ ಹುಡುಕೋಕೆ ಹೋಗಬೇಡಿ, ತಲೆ ಕೆಡುತ್ತದೆ ಅಷ್ಟೆ.

ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಎಚ್1260 ದೊಡ್ಡ ಮೈಯ ಜಂಬೋ ಗಿಟಾರ್. ಮುಂಭಾಗ ತಿಳಿ ಬಣ್ಣದ ಸ್ಪ್ರೂಸ್, ಹಿಂಭಾಗ ಮತ್ತು ಪಕ್ಕ ಕೆಂಗಂದು ಮಹಾಗನಿ, ಎಲ್ಲವೂ ಗಟ್ಟಿ ಮರ. ಗಟ್ಟಿ ಮರವೋ ಪ್ಲೈವುಡ್ಡೋ ಅಂತ ನೋಡೋದು ಸುಲಭ. ಸೌಂಡ್ ಹೋಲ್‌ನ ಅಂಚಿಗೆ ಟಾರ್ಚ್ ಹಿಡಿದು ಕಣ್ಣು ಹತ್ತಿರ ತನ್ನಿ. ಮೇಲಿರುವ ಸಣ್ಣ ಸಣ್ಣ ಗೆರೆಗಳು ಅಂಚಿನಲ್ಲಿ ಹಾಗೇ ತಿರುಗಿ ಕೆಳಗಿಳಿಯುತ್ತಿದ್ದರೆ ಗಟ್ಟಿ ಮರ. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈವುಡ್. ಆಮೇಲೆ ಒಂದು ಚಿಕ್ಕ ಕನ್ನಡಿಯನ್ನು ಒಳಗೆ ತೂರಿಸಿ ಮುಂಭಾಗದ ಹಲಗೆಯ ಒಳಮೈ ನೋಡಿ. ಆಸರೆ ಪಟ್ಟಿಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಇರಬೇಕು. ಅಮೆರಿಕದ್ದೇ ಆದ ದುಬಾರಿ ಮಾರ್ಟಿನ್ ಕಂಪನಿಯ ಗಿಟಾರ್‌ಗಳಲ್ಲಿ ಅದೇ ಪಟ್ಟಿಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯುತ್ತವೆ. ದನಿಯ ವ್ಯತ್ಯಾಸ, ಬೆಲೆಯ ವ್ಯತ್ಯಾಸ ಎರಡಕ್ಕೂ ಇದು ಒಂದು ದೊಡ್ಡ ಕಾರಣ. ಏಣಿ ಪಟ್ಟಿಯ ಒಣ ದನಿಯೇ ಬೇಕು ಅನ್ನೋರೂ ಇದ್ದಾರೆ. ನನಗೂ ಅದು ಇಷ್ಟ.

ನಿಮ್ಮದು ಬೇಗ ಗೊತ್ತಾಯಿತು. ಎಲ್ಲರಿಗೂ ಹೀಗಾಗೋದಿಲ್ಲ. ನನ್ನ ಚಿಕ್ಕಪ್ಪನಿಂದ ಬಂದದ್ದು ಗಿಬ್ಸನ್ ಅನ್ನೋ ಇನ್ನೊಂದು ಅಮೆರಿಕದ ಕಂಪನಿಯ ಪುಟ್ಟ ಗಿಟಾರ್. ಹೆಡ್‌ಸ್ಟಾಕ್ ಹಿಂದೆ ಆರಂಕಿಯ ನಂಬರ್ ಇತ್ತು. ಆಹಾ, ಸಿಕ್ಕಿತು ಅಂದುಕೊಂಡೆ. ಹುಡುಕಿದರೆ ಅದೇ ನಂಬರ್‌ಗೆ ಮೂರು ಬೇರೆ ಬೇರೆ ವರ್ಷ! 1960ರ ದಶಕದಲ್ಲಿ ಗಿಬ್ಸನ್‌ನವರು ಒಂದೇ ನಂಬರನ್ನು ಮತ್ತೆ ಮತ್ತೆ ಹಾಕಿದ್ದಾರೆ. ಕೊನೆಗೆ ದಾರಿ ತೋರಿಸಿದ್ದು ಅಲ್ಲಿ ಇಲ್ಲದ ಒಂದು ಗುರುತು. 1970ರಿಂದ ಅವರು ಹೆಡ್‌ಸ್ಟಾಕ್ ಹಿಂದೆ ‘ಮೇಡ್ ಇನ್ ಯುಎಸ್‌ಎ’ ಅಂತ ಒತ್ತೋಕೆ ಶುರುಮಾಡಿದರು. ನನ್ನದರಲ್ಲಿ ಅದು ಇರಲಿಲ್ಲ. ಅಂದರೆ ಅದಕ್ಕೂ ಹಿಂದಿನದು.

ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲಿ ಅಂತ ಇನ್ನಷ್ಟು ಹೇಳುತ್ತೇನೆ. ಮಾರ್ಟಿನ್ ಆದರೆ ಕಷ್ಟವಿಲ್ಲ. 1898ರಿಂದ ನಂಬರ್ ಸಾಲಾಗಿ ಬಂದಿದೆ, ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆ ಕತ್ತು) ಮೈಗೆ ಸೇರುವ ಕಡೆ ಒಳಗಿನ ಮರದ ತುಂಡಿನ ಮೇಲೆ ಒತ್ತಿರುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಆದರೆ ಒಳಗಿನ ವಾಲ್ಯೂಮ್ ಕಂಟ್ರೋಲ್‌ನ ಬೆನ್ನು ನೋಡಿ. ಅಲ್ಲಿ 1376533 ಅಂತಿದ್ದರೆ 137 ಅಂದರೆ ಸಿಟಿಎಸ್ ಕಂಪನಿ, 65 ಅಂದರೆ 1965, 33 ಅಂದರೆ 33ನೇ ವಾರ. ಆದರೆ ಅದು ಆ ಬಿಡಿಭಾಗ ಹುಟ್ಟಿದ ದಿನ. ಗಿಟಾರ್ ಅದಕ್ಕಿಂತ ಹಳೆಯದಾಗಿರೋಕೆ ಸಾಧ್ಯವಿಲ್ಲ, ಹೊಸದಾಗಿರಬಹುದು. ಯಾರಾದರೂ ಆಮೇಲೆ ಆ ಭಾಗ ಬದಲಾಯಿಸಿದ್ದರೆ ಈ ಲೆಕ್ಕವೇ ತಲೆಕೆಳಗು. ಒಳಗಿನ ಲೇಬಲ್‌ನಲ್ಲಿ ‘ಪಶ್ಚಿಮ ಜರ್ಮನಿ’ ಅಂತಿದ್ದರೆ 1990ಕ್ಕಿಂತ ಹಿಂದಿನದು. ಅಮೆರಿಕದ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963 ಅಥವಾ ಆಮೇಲಿನದು. ಲೇಬಲ್ ಮಾತ್ರವೇ ಸಾಕ್ಷಿ ಆಗಿದ್ದರೆ ಸ್ವಲ್ಪ ಅನುಮಾನ ಇರಲಿ. ಕಾಗದ ಅಂಟಿಸೋದು ಎಷ್ಟು ಹೊತ್ತಿನ ಕೆಲಸ?

ಈಗ ಬೆಲೆಯ ವಿಷಯ. ಯಾವ ಗಿಟಾರ್ ಅನ್ನೋದು ಅರ್ಧ ಮಾತ್ರ. ಯಾವ ಸ್ಥಿತಿಯಲ್ಲಿದೆ ಅನ್ನೋದೇ ಉಳಿದ ಅರ್ಧ. ನಿಮ್ಮ ಗಿಟಾರ್‌ಗೆ ಅರವತ್ತು ದಾಟಿದೆ. ಅಷ್ಟು ವರ್ಷ ತಂತಿಗಳು ಎಳೆದೂ ಎಳೆದೂ ನೆಕ್ ಮುಂದಕ್ಕೆ ಬಾಗಿರೋದು ಬಹಳ ಸಾಮಾನ್ಯ. ಒಂದು ನೇರವಾದ ಸ್ಟೀಲ್ ಸ್ಕೇಲ್ ತಗೊಳ್ಳಿ. ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಮೇಲೆ ಉದ್ದಕ್ಕೆ ಮಲಗಿಸಿ ಬ್ರಿಡ್ಜ್ (ಮೈ ಮೇಲೆ ತಂತಿಗಳ ಬುಡ ಸಿಕ್ಕಿಸಿರುವ ಮರದ ತುಂಡು) ಕಡೆಗೆ ಜರುಗಿಸಿ. ಸ್ಕೇಲ್‌ನ ತುದಿ ಬ್ರಿಡ್ಜ್‌ನ ಮರದ ಮೇಲಂಚಿಗೆ ಬಂದು ಕೂತರೆ ಒಳ್ಳೆಯದು. ಅದಕ್ಕಿಂತ ಕೆಳಗೆ ಬ್ರಿಡ್ಜ್‌ಗೆ ಗುದ್ದಿ ನಿಂತರೆ ನೆಕ್ ಬಿಚ್ಚಿ, ಕೋನ ಸರಿಮಾಡಿ, ಮತ್ತೆ ಕೂರಿಸಬೇಕು. ಇದಕ್ಕೆ ‘ನೆಕ್ ರೀಸೆಟ್’ ಅನ್ನುತ್ತಾರೆ. ಹಬೆ ಹಾಯಿಸಿ ಹಳೇ ಅಂಟು ಕರಗಿಸುವ ನಾಜೂಕು ಕೆಲಸ, ಖರ್ಚೂ ಜಾಸ್ತಿ. ಹಳೇ ಮಾರ್ಟಿನ್‌ಗಾದರೆ ಕಣ್ಣು ಮುಚ್ಚಿಕೊಂಡು ಮಾಡಿಸಬಹುದು. ಹಾರ್ಮನಿಗೆ ರಿಪೇರಿಯ ಖರ್ಚೇ ಗಿಟಾರ್‌ನ ಬೆಲೆಯ ಹತ್ತಿರ ಹೋಗಬಹುದು. ಮಾರೋಕೆ ಆದರೆ ಮಾಡಿಸಬೇಡಿ, ಇದ್ದ ಹಾಗೇ ಕೊಡಿ. ನುಡಿಸೋಕೆ ಆದರೆ ಖಂಡಿತ ಮಾಡಿಸಿ.

ಬ್ರಿಡ್ಜ್ ಹಿಂಬದಿ ಎದ್ದಿದೆಯಾ ಅಂತಲೂ ನೋಡಿ, ಸಂದಿಯಲ್ಲಿ ಒಂದು ಕಾಗದ ತೂರಿದರೆ ಎದ್ದಿದೆ ಅಂತ ಅರ್ಥ. ಇದೆಲ್ಲ ನೋಡಿ ಮುಗಿಯುವವರೆಗೂ ಹೊಸ ತಂತಿ ಹಾಕಿ ಬಿಗಿ ಮಾಡಬೇಡಿ. ಇರುವ ತಂತಿಗಳನ್ನೂ ಸ್ವಲ್ಪ ಸಡಿಲ ಬಿಡಿ.

ಇನ್ನೊಂದು, ದಯವಿಟ್ಟು ಅದನ್ನು ‘ಹೊಸದರ ಹಾಗೆ’ ಮಾಡೋಕೆ ಹೋಗಬೇಡಿ. ನಾನು ಹೋಗಿದ್ದೆ. ಚಿಕ್ಕಪ್ಪನ ಮೇಲಿನ ಪ್ರೀತಿಗೆ ಉಪ್ಪುಕಾಗದ ಹಿಡಿದು ಒಂದು ಭಾನುವಾರವಿಡೀ ಕೂತು ಉಜ್ಜಿದೆ. ಕಂದು ವಾರ್ನಿಷ್ ಬಳಿದೆ. ತುಕ್ಕು ಹಿಡಿದ ಟ್ಯೂನಿಂಗ್ ಕೀಗಳನ್ನು ಕಿತ್ತು ಮಿರಮಿರ ಮಿಂಚುವ ಹೊಸವನ್ನು ಹಾಕಿದೆ. ಆಮೇಲೆ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ತಗೊಂಡು ಹೋದೆ. ಅವರು ಗಿಟಾರ್ ತಿರುಗಿಸಿ ಹೆಡ್‌ಸ್ಟಾಕ್ ನೋಡಿದರು. ಹಳೇ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿದರು. ‘ಹಳೇ ಕೀಗಳು ಎಲ್ಲಿ?’ ಅಂದರು. ಕಸಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಮೂಲ ಪಾಲಿಶ್ ತೆಗೆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಹಳೇ ಗಿಟಾರ್ ಮಾರುವವರ ವಾಡಿಕೆಯ ಲೆಕ್ಕ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು. ಕೇಸ್ ಒಳಗಿನ ಹಳೇ ಪಟ್ಟಿ, ರಸೀದಿ, ಮುರಿದ ಪ್ಲಾಸ್ಟಿಕ್ ಚೂರು ಏನನ್ನೂ ಎಸೆಯಬೇಡಿ.

ಬೆಲೆ ಹುಡುಕುವಾಗ ಎಲ್ಲರೂ ಮಾಡುವ ತಪ್ಪು, ಯಾರೋ ಕೇಳುತ್ತಿರುವ ಬೆಲೆ ನೋಡಿ ಲೆಕ್ಕ ಹಾಕೋದು. ಕೇಳೋಕೇನು, ಬಾಯಿಗೆ ಬಂದಷ್ಟು ಕೇಳಬಹುದು ಅಲ್ವಾ? ಇಬೇಯಲ್ಲಿ ‘ಮಾರಾಟವಾದವು’ ಅಂತ ಮಾತ್ರ ಆರಿಸಿಕೊಂಡು ನೋಡಬಹುದು. ರಿವರ್ಬ್ ಅನ್ನೋ ತಾಣದಲ್ಲಿ ಹಿಂದಿನ ಮಾರಾಟಗಳ ಬೆಲೆ ಸಿಗುತ್ತದೆ. ಎಚ್1260 ಅಂತಲೇ ಹುಡುಕಿ, ನಿಮ್ಮದರ ಸ್ಥಿತಿಗೆ ಹತ್ತಿರ ಇರುವ ನಾಲ್ಕೈದನ್ನು ಪಕ್ಕಪಕ್ಕ ಇಡಿ. ನೆಕ್ ರೀಸೆಟ್ ಆಗಿರುವುದಕ್ಕೂ ಆಗದಿರುವುದಕ್ಕೂ ಎಷ್ಟು ಅಂತರ ಅಂತ ಆಗ ನಿಮಗೇ ಕಾಣುತ್ತದೆ. ಅಂಗಡಿಗೆ ಕೊಟ್ಟರೆ ಅದರ ಅರ್ಧ, ಇಲ್ಲ ಸ್ವಲ್ಪ ಮೇಲೆ ಸಿಗಬಹುದು. ಅದು ಮೋಸವಲ್ಲ. ಅವರು ರಿಪೇರಿ ಮಾಡಿಸಬೇಕು, ಗಿರಾಕಿಗೆ ಕಾಯಬೇಕು.

ಹಾರ್ಮನಿ ಸಾವರಿನ್ ಜನ ಹುಡುಕಿಕೊಂಡು ಬರುವ ಗಿಟಾರ್, ನಿಜ. ಆದರೆ ಸಾಲ ತೀರಿಸುವಷ್ಟು ಬಾಳೋದಲ್ಲ. ಅದನ್ನು ಈಗಲೇ ಹೇಳಿಬಿಡೋದು ವಾಸಿ.

ಸ್ಕೇಲ್ ಇಟ್ಟು ನೋಡಿದ ಮೇಲೆ 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಎಷ್ಟು ಎತ್ತರ ಇದೆ ಅಂತ ಅಳೆದು ಕೆಳಗೆ ಬರೆಯಿರಿ. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಮಾವನ ಗಿಟಾರ್ ಇವತ್ತೇ ನುಡಿಸಬಹುದು. ನಾಲ್ಕು ದಾಟಿದ್ದರೆ ಬ್ರಿಡ್ಜ್‌ನ ಒಂದು ಫೋಟೋನೂ ಪಕ್ಕದಿಂದ ತೆಗೆದು ಹಾಕಿ, ನೋಡೋಣ.