ತೈಲಬಾವಿಯ ನೀರಿಗೆ ಆರ್‌ಒ ಒಂದೇ ಏಕೆ ಸಾಲದು?

ತೈಲ ಮತ್ತು ಅನಿಲ ಬಾವಿಗಳಿಂದ ಬರುವ ಕಲುಷಿತ ನೀರನ್ನು ನಮ್ಮ ಚಿತ್ರದುರ್ಗದ ಹಳ್ಳಿಗಳಲ್ಲಿರುವಂಥ ಆರ್‌ಒ (ಒತ್ತಡ ಹಾಕಿ ನೀರನ್ನು ತೆಳು ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆಯುವ) ಘಟಕಕ್ಕೆ ನೇರವಾಗಿ ಹಾಯಿಸಬಹುದೇ ಎಂದು ಚಳ್ಳಕೆರೆಯವರೊಬ್ಬರು ಕೇಳಿದ್ದಾರೆ. ಹಾಯಿಸಬಾರದು, ಎಣ್ಣೆ ಅಂಟಿಕೊಂಡರೆ ಆರ್‌ಒ ಪೊರೆ ಮುಚ್ಚಿಹೋಗಿ ಬೇಗನೆ ಕೆಡುತ್ತದೆ.

ಆದ್ದರಿಂದ ಮೊದಲು ಎಣ್ಣೆಯನ್ನು ತೆಗೆಯಬೇಕು. ಬಾಟಲಿಯ ನೀರಿಗೆ ನಿಮ್ಮೂರಿನ ಗಿರಣಿಯ ಶೇಂಗಾ ಎಣ್ಣೆ ಹಾಕಿ ಮೆಲ್ಲಗೆ ಅಲುಗಿಸಿದರೆ ದಪ್ಪ ಹನಿಗಳು ಕೂಡಲೇ ಮೇಲೇರುತ್ತವೆ. ಜೋರಾಗಿ ಕುಲುಕಿದರೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿ, ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಹನಿಯ ವ್ಯಾಸ ಅರ್ಧವಾದರೆ ಅದು ಮೇಲೇರುವ ವೇಗ ಕಾಲುಭಾಗಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಹೀಗಾಗಿ ಸುಮಾರು 150 ಮೈಕ್ರಾನ್‌ಗಿಂತ (0.15 ಮಿ.ಮೀ.) ದೊಡ್ಡ ಹನಿಗಳನ್ನು ತೊಟ್ಟಿಯಲ್ಲಿ ನಿಧಾನವಾಗಿ ತೇಲಲು ಬಿಟ್ಟು ಬೇರ್ಪಡಿಸುತ್ತಾರೆ, ಚಿಕ್ಕ ಹನಿಗಳನ್ನು ಸಣ್ಣ ಗಾಳಿಗುಳ್ಳೆಗಳಿಗೆ ಅಂಟಿಸಿ ಮೇಲೆತ್ತುತ್ತಾರೆ, ಕೊನೆಗೆ ಅಕ್ರೋಟಿನ ಚಿಪ್ಪಿನ ತರಿಯಲ್ಲಿ ಸೋಸುವುದೂ ಉಂಟು.

ನೀರಿನಲ್ಲಿ ಕರಗಿರುವ ಬೆಂಜೀನ್ ಎಂಬ ರಾಸಾಯನಿಕ ಕ್ಯಾನ್ಸರ್‌ಕಾರಕವಾಗಿದ್ದು, ಹೀಗೆ ಸೋಸಿದರೆ ಹೋಗುವುದಿಲ್ಲ. ಅದಕ್ಕೆ ಸೂಕ್ಷ್ಮ ರಂಧ್ರಗಳುಳ್ಳ ಸಕ್ರಿಯ ಇದ್ದಿಲು ಅಥವಾ ಬೆಂಜೀನನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾಗಳು ಬೇಕು.

ಅತಿ ಕಷ್ಟದ್ದು ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಕೆಲವು ಬಾವಿಗಳ ನೀರಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಅಲ್ಲಿ ಆರ್‌ಒಗೆ ಬೇಕಾಗುವ ಒತ್ತಡ ಮಿತಿಮೀರುವುದರಿಂದ ನೀರನ್ನು ಕಾಯಿಸಿ ಆವಿಯಾಗಿಸಬೇಕಾಗುತ್ತದೆ. ನಮ್ಮ ಘಟಕಗಳಲ್ಲಿ ಫ್ಲೋರೈಡ್ ತುಂಬಿದ ತ್ಯಾಜ್ಯನೀರು ಎಲ್ಲಿಗೆ ಹೋಗುತ್ತದೆಂದು ನಾವು ಕೇಳಲೇಬೇಕಾದಂತೆ, ಅಲ್ಲಿ ಉಳಿಯುವ ಕೆಸರಿನ ಬಗ್ಗೆಯೂ ಕೇಳಬೇಕು; ಅದರಲ್ಲಿ ವಿಕಿರಣಶೀಲ ರೇಡಿಯಂ ಇರಬಹುದಾದ್ದರಿಂದ ಅದನ್ನು ಹಳ್ಳಕ್ಕಾಗಲಿ ಹೊಲಕ್ಕಾಗಲಿ ಸುರಿಯಬಾರದು.