ಲಿಮಿಟೆಡ್ ಎಡಿಷನ್ ವಿನೈಲ್ ರೆಕಾರ್ಡ್‌ಗಳನ್ನು ಆನ್‌ಲೈನ್‌ನಲ್ಲಿ ಮೋಸ ಹೋಗದೆ ಹುಡುಕುವುದು ಹೇಗೆ?

ಮೊದಲು ಡಿಸ್ಕಾಗ್ಸ್ ಅನ್ನುವ, ರೆಕಾರ್ಡ್‌ಗಳ ಮಾಹಿತಿ ಮತ್ತು ಮಾರಾಟದ ವೆಬ್‌ಸೈಟ್‌ನಲ್ಲಿ ಒಂದು ಖಾತೆ ತೆರೆಯಿರಿ. ಅಲ್ಲಿ ಒಂದೇ ಆಲ್ಬಮ್‌ನ ಬೇರೆ ಬೇರೆ ಪ್ರೆಸ್ಸಿಂಗ್‌ಗಳಿಗೆ, ಅಂದರೆ ಬೇರೆ ಬೇರೆ ಸಲ ಅಚ್ಚು ಹಾಕಿದ ಆವೃತ್ತಿಗಳಿಗೆ, ಬೇರೆ ಬೇರೆ ಪುಟ ಇರುತ್ತದೆ. ನಿಮಗೆ ಬೇಕಾದ ಪ್ರೆಸ್ಸಿಂಗನ್ನೇ ವಾಂಟ್‌ಲಿಸ್ಟ್‌ಗೆ ಹಾಕಿದರೆ, ಯಾರಾದರೂ ಮಾರಾಟಕ್ಕಿಟ್ಟಾಗ ಮೇಲ್ ಬರುತ್ತದೆ. ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಅನ್ನುವುದೂ ಅಲ್ಲೇ ಸಿಗುತ್ತದೆ, ಅದನ್ನು ನೋಡದೆ ಬೆಲೆ ಒಪ್ಪಬೇಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ರನೌಟ್ ಸಂಖ್ಯೆ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ನುಣುಪಾದ ಜಾಗ ಇರುತ್ತದಲ್ವಾ, ಅಲ್ಲಿ ಸಣ್ಣಗೆ ಕೆತ್ತಿದ ಅಕ್ಷರ, ಅಂಕಿಗಳಿರುತ್ತವೆ. ಮಾರುವವರ ಹತ್ತಿರ ಅದರ ಫೋಟೋ ಕೇಳಿ, ಡಿಸ್ಕಾಗ್ಸ್ ಪುಟದಲ್ಲಿರುವುದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಕವರ್ ಒಂದೇ ಥರ ಇದ್ದರೂ ಒಳಗಿರುವುದು ಆಮೇಲೆ ಬಂದ ಮರುಮುದ್ರಣವಾಗಿರಬಹುದು. ಬಣ್ಣದ ವಿನೈಲ್ ಅಂದ ಮಾತ್ರಕ್ಕೆ ಅಪರೂಪದ್ದು ಅಂತಲೂ ಅಲ್ಲ.

ಗ್ರೇಡಿಂಗ್ ಪದಗಳನ್ನು, ಅಂದರೆ ರೆಕಾರ್ಡ್ ಯಾವ ಸ್ಥಿತಿಯಲ್ಲಿದೆ ಅಂತ ಹೇಳುವ ಪದಗಳನ್ನು ಕಲಿಯಿರಿ. 'ಗುಡ್' ಅಂದರೆ ಚೆನ್ನಾಗಿದೆ ಅಂತ ಅರ್ಥವಲ್ಲ, ಸಿಕ್ಕಾಪಟ್ಟೆ ಸವೆದಿದೆ, ಕೇಳುವಾಗ ಕರಕರ ಸದ್ದು ಜಾಸ್ತಿ ಅಂತ. ಕೇಳಲು ಬೇಕಿದ್ದರೆ 'ವೆರಿ ಗುಡ್ ಪ್ಲಸ್'ಗಿಂತ ಕೆಳಗೆ ಹೋಗಬೇಡಿ.

2008ರಿಂದ ಪ್ರತಿ ವರ್ಷ ನಡೆಯುತ್ತಿರುವ, ಸ್ವತಂತ್ರ ರೆಕಾರ್ಡ್ ಅಂಗಡಿಗಳ ಆಚರಣೆಯಾದ ರೆಕಾರ್ಡ್ ಸ್ಟೋರ್ ಡೇಗೆ ಬಿಡುಗಡೆಯಾದ ರೆಕಾರ್ಡ್‌ಗಳನ್ನು ಕೆಲವರು ಅದೇ ದಿನ ದುಪ್ಪಟ್ಟು ಬೆಲೆಗೆ ಮಾರಾಟಕ್ಕಿಡುತ್ತಾರೆ. ಕೆಲವು ವಾರ ಕಾಯಿರಿ, ಎಷ್ಟೋ ಸಲ ಬೆಲೆ ಇಳಿಯುತ್ತದೆ.

ಇನ್ನೊಂದು, ಸೀಲ್ ಒಡೆದ ರೆಕಾರ್ಡ್ ಆದರೆ ಅದನ್ನು ಕವರ್‌ನಿಂದ ಹೊರಗೆ ತೆಗೆದು, ಒಳಗಿನ ಸ್ಲೀವ್ ಸಮೇತ ಪಕ್ಕದಲ್ಲಿಟ್ಟು ಪ್ಯಾಕ್ ಮಾಡಲು ಹೇಳಿ. ಇಲ್ಲದಿದ್ದರೆ ದಾರಿಯಲ್ಲಿ ಅಲುಗಾಡಿ ಕವರ್‌ನ ಅಂಚು ಸೀಳಿಹೋಗುತ್ತದೆ.